ಬೆರೆತರೆ ಕಸ, ಬೆರೆಯದಿದ್ದರೆ ಸಾಮಾನು: ಅಡುಗೆಮನೆಯಿಂದಲೇ ಶುರು ಮಾಡುವ ಬಗೆ

ಒಂದು ಹಾಲಿನ ಪ್ಯಾಕೆಟ್ ಕೈಗೆ ತಗೊಳ್ಳಿ. ಹಾಲು ಪಾತ್ರೆಗೆ ಸುರಿದಾಯಿತು. ಈಗ ಆ ಪ್ಯಾಕೆಟ್ಟಿಗೆ ಎರಡು ದಾರಿ. ಪಾತ್ರೆ ತೊಳೆಯುವಾಗ ಅದೇ ನೀರಲ್ಲಿ ಒಂದು ಸಲ ಅದ್ದಿ, ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸಿಬಿಟ್ಟರೆ ಸಂಜೆ ಹೊತ್ತಿಗೆ ಒಣಗಿ ತಾನೇ ಕಳಚಿ ಬೀಳುತ್ತದೆ. ಹಾಗೆ ಕೂಡಿಟ್ಟದ್ದನ್ನು ಗುಜರಿಯವರು ತೂಕ ಹಾಕಿ, ದುಡ್ಡು ಕೊಟ್ಟು ಒಯ್ಯುತ್ತಾರೆ. ಅದೇ ಪ್ಯಾಕೆಟ್ಟನ್ನು ನಿನ್ನೆಯ ಹುಳಿ, ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆ ಇರುವ ಡಬ್ಬಿಗೆ ಎಸೆದರೆ ಪ್ಯಾಕೆಟ್ಟೂ ಹಾಳು, ಸಿಪ್ಪೆಯೂ ಹಾಳು. ಗೊಬ್ಬರ ಆಗಬೇಕಾದದ್ದರಲ್ಲಿ ಪ್ಲಾಸ್ಟಿಕ್, ಕರಗಿ ಮತ್ತೆ ಪ್ಲಾಸ್ಟಿಕ್ ಆಗಬೇಕಾದದ್ದರಲ್ಲಿ ಹುಳಿ. ಯಾರಿಗೂ ಬೇಡ.

ಮರುಬಳಕೆ ಅಂದರೆ ಎಲ್ಲೋ ದೂರದ ಕಾರ್ಖಾನೆ, ದೊಡ್ಡ ಯಂತ್ರ ಅಂದುಕೊಳ್ಳುತ್ತೇವೆ, ಅಲ್ವಾ? ಆ ಯಂತ್ರದ ಹತ್ತಿರ ಹೋಗುವ ಮೊದಲೇ, ನಮ್ಮ ಸಿಂಕಿನ ಪಕ್ಕದಲ್ಲೇ ಅರ್ಧ ಕೆಲಸ ಆಗಿರುತ್ತದೆ, ಇಲ್ಲಾ ಕೆಟ್ಟಿರುತ್ತದೆ. ಕೈಯಲ್ಲಿ ಹಿಡಿದಾಗ ಅದು ಇನ್ನೂ ಸಾಮಾನು. ಬೆರೆಸಿದ ಮೇಲೆ ಕಸ.

ಸಾಮಾನು ಅಂತ ಸುಮ್ನೆ ಹೇಳುತ್ತಿಲ್ಲ. ಬಾಕ್ಸೈಟ್ ಅದಿರು ಅಗೆದು ಹೊಸದಾಗಿ ಅಲ್ಯೂಮಿನಿಯಂ ಮಾಡಲು ಹಿಡಿಯುವ ಶಕ್ತಿಯಲ್ಲಿ ಸುಮಾರು ಶೇ. 5ರಷ್ಟಿದ್ದರೆ ಸಾಕು, ಹಳೇ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಬಹುದು. ಗಾಜನ್ನು ಎಷ್ಟು ಸಲ ಕರಗಿಸಿದರೂ ಗಾಜೇ. ಪ್ಲಾಸ್ಟಿಕ್ ಹಾಗಲ್ಲ, ಪ್ರತಿ ಸಲವೂ ಒಂದು ಮೆಟ್ಟಿಲು ಇಳಿಯುತ್ತದೆ. ಆದರೆ ಅದೂ ನೆಲದಡಿಯಿಂದ ತೆಗೆದ ಕಚ್ಚಾ ತೈಲವೇ.

ಬೆರೆತದ್ದು ಎಲ್ಲಿಗೆ ಹೋಗುತ್ತದೆ ಅಂತ ಬೆಂಗಳೂರಿನವರಿಗೆ ಗೊತ್ತಿರಬೇಕು. ಮೊದಲು ಮಾವಳ್ಳಿಪುರದ ಕಸ ಸುರಿಯುವ ಜಾಗಕ್ಕೆ ಹೋಗುತ್ತಿತ್ತು. 2012ರಲ್ಲಿ ಅದು ಮುಚ್ಚಿತು. ಆಮೇಲೆ ಮಂಡೂರು. 2014ರಲ್ಲಿ ಆ ಊರಿನ ಜನ ರಸ್ತೆಗಿಳಿದು ಲಾರಿ ತಡೆದರು. ಆಮೇಲೆ ಮಿಟ್ಟಗಾನಹಳ್ಳಿ ಕಡೆಯ ಕಲ್ಲು ಕ್ವಾರಿಗಳು. ನಮ್ಮ ಮನೆಯ ಕಸ ಇನ್ನೊಬ್ಬರ ಊರಿನ ಬಾವಿಗೆ ಇಳಿಯುತ್ತದೆ. ಗಾಳಿಯಾಡದೆ ಕೊಳೆತ ಹಸಿ ಕಸದಿಂದ ಮೀಥೇನ್ ಅನಿಲ ಬರುತ್ತದೆ, ಕಪ್ಪು ರಸ ಇಳಿಯುತ್ತದೆ. ಮೇಲೆ ಮಣ್ಣು ಮುಚ್ಚುವುದು ತಿಪ್ಪೆ ಸಾರಿಸುವ ಕೆಲಸ, ಅಷ್ಟೇ.

ನಾನಿರುವುದು ಎರಡನೇ ಮಹಡಿಯ ಬಾಡಿಗೆ ಮನೆ. ತೋಟ ಇಲ್ಲ, ಸಣ್ಣ ಬಾಲ್ಕನಿ ಇದೆ. ಅಷ್ಟರಲ್ಲಿ ಏನಾಗುತ್ತದೋ ಅದನ್ನೇ ಇಲ್ಲಿ ಬರೆದಿದ್ದೇನೆ. ಹಿತ್ತಲು ಇರುವವರಿಗೆ ಇದರಲ್ಲಿ ಅರ್ಧ ಕಷ್ಟವೂ ಇಲ್ಲ.

ಮೊದಲು ಮೂರು ದಿನ ಸುಮ್ನೆ ನೋಡಿ

ಬಕೆಟ್ ಕೊಳ್ಳಲು ಓಡಬೇಡಿ. ಮೂರು ದಿನ, ರಾತ್ರಿ ಊಟ ಆದ ಮೇಲೆ, ಹಳೇ ಪೇಪರ್ ಹಾಸಿ ಆ ದಿನದ ಕಸ ಸುರಿದು ನೋಡಿ. ಮನೆಯವರು ಮೂಗು ಮುಚ್ಚಿಕೊಳ್ಳುತ್ತಾರೆ, ಪರವಾಗಿಲ್ಲ. ಒಂದು ಕಡ್ಡಿಯಿಂದ ಸರಿಸಿ ಮೂರು ಗುಡ್ಡೆ ಮಾಡಿ: ಕೊಳೆಯುವುದು, ಕೊಳೆಯದ್ದು, ಮುಟ್ಟಲು ಹೇಸಿಗೆ ಆಗುವುದು.

ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಅರ್ಧಕ್ಕಿಂತ ಜಾಸ್ತಿ ತೂಕ ಅಡುಗೆಮನೆಯದ್ದೇ. ಎರಡು, ಮೂರನೇ ಗುಡ್ಡೆ ತುಂಬಾ ಚಿಕ್ಕದು. ಎಲ್ಲವೂ ಸೇರಿಕೊಂಡಿದ್ದಾಗ ಇಡೀ ಡಬ್ಬಿಯೇ ಹೇಸಿಗೆ ಅನಿಸುತ್ತಿತ್ತು. ಬೇರೆ ಮಾಡಿದರೆ ನಿಜವಾದ ಹೇಸಿಗೆ ಒಂದು ಹಿಡಿ.

ನಮ್ಮ ಮನೆಯಲ್ಲಿ ಈ ಮೂರು ದಿನದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಫ್ರಿಜ್ಜಿನ ಮೂಲೆಯಲ್ಲಿ ಕೊಳೆತು ಎಸೆದ ಕೊತ್ತಂಬರಿ ಸೊಪ್ಪು ಎರಡು ಕಟ್ಟು. ಅದನ್ನು ಗೊಬ್ಬರ ಮಾಡುವುದಕ್ಕಿಂತ ಒಂದೇ ಕಟ್ಟು ತರುವುದು ಸುಲಭ.

ಎರಡು ಡಬ್ಬಿ, ಒಂದು ಚೀಲ

2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಇದೇ ಪದ್ಧತಿ ಹೇಳಿತು: ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್, ಪ್ಯಾಡ್ ಥರದ್ದಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. ಬಣ್ಣ ಮುಖ್ಯ ಅಲ್ಲ, ಜಾಗ ಮುಖ್ಯ.

ಹಸಿ ಡಬ್ಬಿ ತರಕಾರಿ ಹೆಚ್ಚುವ ಜಾಗದಿಂದ ಒಂದು ಕೈ ದೂರದಲ್ಲಿರಲಿ. ಒಳಗೆ ಪ್ಲಾಸ್ಟಿಕ್ ಕವರ್ ಹಾಕಬೇಡಿ. ತಳಕ್ಕೆ ಒಂದು ಹಾಳೆ ಪೇಪರ್ ಸಾಕು, ತೊಳೆಯುವ ಕೆಲಸ ಕಡಿಮೆ ಆಗುತ್ತದೆ. ಒಣ ಕಸದ ಚೀಲ ಬಾಲ್ಕನಿಯಲ್ಲೋ ಬಾಗಿಲ ಹಿಂದೆಯೋ ಇರಲಿ. ಹತ್ತು ಕೆ.ಜಿ. ಅಕ್ಕಿ ಚೀಲ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕೆಂಪು ಡಬ್ಬಿ ಬಚ್ಚಲಮನೆಯಲ್ಲಿ. ಅಡುಗೆಮನೆಯಲ್ಲಿ ಅದನ್ನು ಇಟ್ಟರೆ ಸೋಮಾರಿತನಕ್ಕೆ ಎಲ್ಲವೂ ಅದರೊಳಗೇ ಹೋಗುತ್ತದೆ. ನನ್ನ ಅನುಭವದ ಮಾತು.

ಹಸಿ ಕಸ: ಮೂರು ಬಕೆಟ್ಟಿನ ಗೊಬ್ಬರ

ಹಸಿ ಕಸವನ್ನು ಬೇರೆ ಮಾಡಿ ಕಸ ಒಯ್ಯುವ ಆಟೋಗೆ ಕೊಟ್ಟರೂ ನಿಮ್ಮ ಕೆಲಸ ಮುಗಿದಂತೆಯೇ. ಆದರೆ ಮನೆಯಲ್ಲೇ ಗೊಬ್ಬರ ಮಾಡಿದರೆ ಅಷ್ಟು ತೂಕ ಲಾರಿ ಏರುವುದೇ ಇಲ್ಲ. ಇದಕ್ಕೆ ಅಂಗಡಿಯಲ್ಲಿ ಮಣ್ಣಿನ ಮಡಕೆಗಳ ಜೋಡಿಯೂ ಸಿಗುತ್ತದೆ, ನೋಡಲು ಚೆನ್ನಾಗಿರುತ್ತದೆ. ನಾನು ಬಳಸುವುದು ಪೇಂಟ್ ಬಕೆಟ್. 20 ಲೀಟರ್‌ನದ್ದು ಮೂರು, ಮುಚ್ಚಳದ ಸಮೇತ. ಯಾರಾದರೂ ಮನೆಗೆ ಬಣ್ಣ ಹೊಡೆಸುತ್ತಿದ್ದರೆ ಕೇಳಿ ನೋಡಿ, ಖುಷಿಯಿಂದ ಕೊಡುತ್ತಾರೆ.

ಹಳೇ ಸ್ಕ್ರೂಡ್ರೈವರ್ ಒಲೆಯ ಮೇಲೆ ಕಾಯಿಸಿ, ಬಕೆಟ್ಟಿನ ಸುತ್ತ ಇಪ್ಪತ್ತು ಇಪ್ಪತ್ತೈದು ತೂತು ಮಾಡಿ. ತಳಕ್ಕೆ ನಾಲ್ಕೈದು. ಕಿಟಕಿ ತೆರೆದಿರಲಿ, ಹೊಗೆ ಒಳ್ಳೆಯದಲ್ಲ. ಡ್ರಿಲ್ ಇದ್ದರೆ ಇನ್ನೂ ವಾಸಿ. ಬಕೆಟ್ಟನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೊಂದು ಹಳೇ ತಟ್ಟೆ ಇಡಿ.

ತಳಕ್ಕೆ ಎರಡು ಇಂಚು ತರಗೆಲೆ ಹಾಕಿ. ಅದರ ಮೇಲೆ ಆ ದಿನದ ಹಸಿ ಕಸ. ಅದರ ಮೇಲೆ ಅಷ್ಟೇ ಪ್ರಮಾಣದ ತರಗೆಲೆ, ಪುಡಿ ಮಾಡಿ. ಒಂದು ಬಟ್ಟಲು ಹಸಿಗೆ ಒಂದು ಬಟ್ಟಲು ಒಣ, ಅನುಮಾನ ಬಂದರೆ ಒಣ ಇನ್ನೊಂದು ಹಿಡಿ. ಮೊದಲ ದಿನ ಹೆಪ್ಪಿನ ಹಾಗೆ ಏನಾದರೂ ಬೇಕು: ಅರ್ಧ ಲೋಟ ಹುಳಿ ಮಜ್ಜಿಗೆ, ಇಲ್ಲಾ ಒಂದು ಹಿಡಿ ಸಗಣಿ, ಇಲ್ಲಾ ಯಾರದ್ದಾದರೂ ಹಳೇ ಗೊಬ್ಬರ. ಮೊಸರಿಗೆ ಹೆಪ್ಪು ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ನೀವು ಮನೆ ಮಾಡಿಕೊಡುತ್ತಿದ್ದೀರಿ. ಅವಕ್ಕೆ ಊಟ ಬೇಕು, ಗಾಳಿ ಬೇಕು, ಸ್ವಲ್ಪ ತೇವ ಬೇಕು. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎರಡೂ ಸೇರಿದರೇ ಹೊಟ್ಟೆ ತುಂಬುವುದು.

ನಾನು ಮೊದಲ ಸಲ ಇದನ್ನು ಅರ್ಥ ಮಾಡಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ಶುರು ಮಾಡಿದೆ. ಕಲ್ಲಂಗಡಿ ಸಿಪ್ಪೆ, ಉಳಿದ ಹುಳಿ, ಮೊಸರನ್ನ, ಎಲ್ಲವನ್ನೂ ಹಾಗೇ ಸುರಿದೆ. ಎಲೆ ಹಾಕಲಿಲ್ಲ, ಯಾಕಂದರೆ ಎಲೆ ಹುಡುಕಲು ಬೇಜಾರು. ಎಂಟನೇ ದಿನ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು.

"ಏನಮ್ಮಾ, ಮೇಲೆ ಇಲಿ ಏನಾದ್ರೂ ಸತ್ತಿದೆಯಾ?"

"ಇಲ್ಲ ಅಜ್ಜಿ, ಗೊಬ್ಬರ ಮಾಡ್ತಿದ್ದೀನಿ."

ಅವರು ಬಾಲ್ಕನಿಗೆ ಬಂದು, ಮುಚ್ಚಳ ತೆಗೆದು, ಮುಖ ಹಿಂದಕ್ಕೆ ಎಳೆದುಕೊಂಡರು. "ಗೊಬ್ಬರ ಹಿಂಗೆ ನಾತ ಹೊಡೆಯಲ್ಲ ಕಣಮ್ಮಾ. ನಮ್ಮೂರಲ್ಲಿ ತಿಪ್ಪೆ ಹಾಕ್ತಿರಲಿಲ್ವಾ? ಕೊಟ್ಟಿಗೆ ಕಸ ಹಾಕಿದ ಮೇಲೆ ಒಲೆ ಬೂದಿ, ಒಣ ಎಲೆ, ಹುಲ್ಲು ಹಾಕ್ತಿದ್ವಿ. ಬರೀ ಎಂಜಲು ತುಂಬಿದ್ರೆ ನಾರದೆ ಇನ್ನೇನಾಗತ್ತೆ?"

ಇಷ್ಟು ಪುಸ್ತಕ, ವಿಡಿಯೋ ನೋಡಿದ್ದೆ. ಅಜ್ಜಿ ಒಂದೇ ನೋಟಕ್ಕೆ ಹೇಳಿಬಿಟ್ಟರು.

ಹಾಕಬಹುದಾದದ್ದು: ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಕಾಫಿ ಮತ್ತು ಟೀ ಚರಟ, ಒಣಗಿದ ಹೂವು, ಮೊಟ್ಟೆ ಚಿಪ್ಪು ಪುಡಿ ಮಾಡಿ, ಸ್ವಲ್ಪ ಅನ್ನ. ಸಾರು, ಹುಳಿ ಉಳಿದರೆ ನೀರು ಸೋಸಿ ಗಟ್ಟಿ ಮಾತ್ರ. ನಿಂಬೆ, ಮೂಸಂಬಿ ಸಿಪ್ಪೆ ಒಂದೇ ಸಲ ರಾಶಿ ಹಾಕಬೇಡಿ. ಮಾಂಸ, ಮೀನು, ಮೂಳೆ ಬಕೆಟ್ಟಿಗೆ ಬೇಡ, ಇಲಿ ಹೆಗ್ಗಣ ಬರುತ್ತವೆ. ಅದನ್ನು ಹಸಿ ಕಸದ ಆಟೋಗೆ ಕೊಡಿ. ತೆಂಗಿನ ಚಿಪ್ಪು, ಎಳನೀರು ಬುರುಡೆ ವರ್ಷ ಆದರೂ ಕರಗುವುದಿಲ್ಲ. ಎಳನೀರನ್ನು ಗಾಡಿಯ ಹತ್ತಿರವೇ ಕುಡಿದು ಬುರುಡೆ ಅಲ್ಲೇ ಬಿಟ್ಟು ಬನ್ನಿ. ಹಂಡೆ ಒಲೆ ಇರುವ ಮಲೆನಾಡಿನ, ಕರಾವಳಿಯ ಮನೆಯವರಿಗೆ ಒಣಗಿದ ಬುರುಡೆಯೂ ಚಿಪ್ಪೂ ಒಳ್ಳೇ ಉರುವಲು, ಅವರಿಗೆ ಈ ಚಿಂತೆ ಇಲ್ಲ.

ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಆಗ ಕೈ ಹತ್ತಿರ ಹಿಡಿದರೆ ಒಳಗಿಂದ ಬಿಸಿ ತಾಗುತ್ತದೆ. ಕೆಲಸ ನಡೆಯುತ್ತಿದೆ ಅಂತ ಅರ್ಥ. ನಾಲ್ಕು ಜನರ ಮನೆಯಲ್ಲಿ ಬಕೆಟ್ ತುಂಬಲು ಮೂರು ನಾಲ್ಕು ವಾರ ಹಿಡಿಯಬಹುದು, ಯಾಕಂದರೆ ದಿನಾ ಹಾಕಿದ್ದು ದಿನಾ ಕುಗ್ಗುತ್ತದೆ. ತುಂಬಿದ್ದನ್ನು ಮುಚ್ಚಿ ಪಕ್ಕಕ್ಕಿಡಿ, ಎರಡನೆಯದನ್ನು ಶುರು ಮಾಡಿ. ಪಕ್ಕಕ್ಕಿಟ್ಟದ್ದು ಮಾಗಲು ಇನ್ನೂ ಒಂದೂವರೆ ತಿಂಗಳು ಬಿಡಿ. ಅದಕ್ಕೇ ಮೂರು ಬಕೆಟ್.

ತರಗೆಲೆ ಎಲ್ಲಿಂದ ತರುವುದು? ಶಿವರಾತ್ರಿ ಆಸುಪಾಸಿನಲ್ಲಿ ಹೊಂಗೆ, ಅರಳಿ ಎಲೆ ಉದುರಿಸುತ್ತವೆ. ರಸ್ತೆ ಗುಡಿಸುವವರು ಗುಡ್ಡೆ ಹಾಕಿದ್ದನ್ನು ಕೇಳಿ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳಿ, ಮಳೆಗಾಲದವರೆಗೂ ಬರುತ್ತದೆ. ಅದೇ ಗುಡ್ಡೆಗೆ ಬೆಂಕಿ ಹಾಕುವುದನ್ನು ಇವತ್ತಿಗೂ ನೋಡುತ್ತೇವೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಕಣ್ಣೂ ಉರಿಯುತ್ತದೆ. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಹರಿದ ರಟ್ಟು, ಮರದ ಹೊಟ್ಟು, ಯಾವುದಾದರೂ ಆಗುತ್ತದೆ.

ಬಕೆಟ್ ಹಟ ಮಾಡಿದಾಗ

ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಡಿಮೆ. ಒಣ ಎಲೆ ಹಾಕಿ ಚೆನ್ನಾಗಿ ತಿರುವಿ, ಒಂದು ದಿನ ಮುಚ್ಚಳ ಓರೆ ಮಾಡಿ ಬಿಡಿ. ಮೂಗಿಗೆ ಚುಚ್ಚುವ ಘಾಟು ಬಂದರೂ ಮದ್ದು ಅದೇ ಒಣ ಎಲೆ.

ತೇವ ಸರಿ ಇದೆಯಾ ಅಂತ ನೋಡಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಇಳಿದರೆ ಜಾಸ್ತಿ. ಉದುರಿ ಹೋದರೆ ಒಣಗಿದೆ, ಸ್ವಲ್ಪ ನೀರು ಚಿಮುಕಿಸಿ. ಇರುವೆ ಮುತ್ತಿದರೂ ಒಣಗಿದೆ ಅಂತಲೇ ತಿಳಿಯಿರಿ.

ಬಿಳಿ ಬೂಸಲು ಬಂದರೆ ಹೆದರಬೇಡಿ, ಒಳ್ಳೇ ಲಕ್ಷಣ. ಜನ ಹೆದರಿ ಬಿಟ್ಟುಬಿಡುವುದು ಹುಳು ನೋಡಿ. ದಪ್ಪಗೆ, ಬೂದು ಬಣ್ಣದ, ಪಟ್ಟೆ ಪಟ್ಟೆ ಹುಳು ಕಂಡರೆ ಅದು ಕಪ್ಪು ಸೈನಿಕ ನೊಣದ ಮರಿ. ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಅದರಷ್ಟು ಬೇಗ ಕಸ ತಿನ್ನುವುದು ಇನ್ನೊಂದಿಲ್ಲ. ಆದರೂ ನೋಡಲಾಗದಿದ್ದರೆ ಒಂದು ಹಿಡಿ ಬೇವಿನ ಹಿಂಡಿ, ಎರಡು ಹಿಡಿ ಒಣ ಎಲೆ ಹಾಕಿ. ನಾನು ಈಗ ಹಾಗೇ ಬಿಡುತ್ತೇನೆ. ಬರುವ ನೆಂಟರಿಗೆ ಮಾತ್ರ ಆ ಮುಚ್ಚಳ ತೆಗೆದು ತೋರಿಸುವುದಿಲ್ಲ.

ಒಣ ಕಸ: ತೊಳಿ, ಒಣಗಿಸು, ಕೂಡಿಡು

ಹಾಲಿನ ಪ್ಯಾಕೆಟ್ಟಿಗೆ ವಾಪಸ್ ಬರೋಣ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ. ಸೀಳು ಹಾಕಿ, ಆ ಚೂರು ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರಲಿ. ಉಗುರಿನಷ್ಟಿರುವ ಆ ತ್ರಿಕೋನವನ್ನು ಯಾರೂ ಹೆಕ್ಕುವುದಿಲ್ಲ. ಅದು ಸಿಂಕಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ. ದಿನಕ್ಕೆರಡು ಪ್ಯಾಕೆಟ್ ಹಾಲು ತರುವ ಮನೆಯಿಂದ ವರ್ಷಕ್ಕೆ 730 ಚೂರು.

ತೊಳೆಯುವುದಕ್ಕೆ ಹೊಸ ನೀರು ಬಿಡಬೇಡಿ. ಪಾತ್ರೆ ತೊಳೆದ ಕೊನೆಯ ನೀರು ಸಾಕು. ಎಣ್ಣೆ ಪ್ಯಾಕೆಟ್ಟನ್ನು ನೀರಲ್ಲಿ ತೊಳೆಯಲು ಹೋದರೆ ಕೈಯೆಲ್ಲ ಜಿಡ್ಡು. ತುದಿ ಕತ್ತರಿಸಿ ಎಣ್ಣೆಯನ್ನು ಪೂರ್ತಿ ಬಸಿದು, ಒಳಗೆ ಹಳೇ ಪೇಪರಿನಿಂದ ಒರೆಸಿ. ಮಳೆಗಾಲದಲ್ಲಿ ಟೈಲ್ಸಿಗೆ ಅಂಟಿಸಿದ್ದು ಒಣಗದಿದ್ದರೆ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ.

ಗುಜರಿಯವರು ಕೊಳ್ಳುವುದು: ನ್ಯೂಸ್ ಪೇಪರ್, ರಟ್ಟು, ಹಾಲಿನ ಪ್ಯಾಕೆಟ್, ನೀರಿನ ಬಾಟಲಿ, ಕಬ್ಬಿಣ, ತಗಡು, ತಾಮ್ರ, ಅಲ್ಯೂಮಿನಿಯಂ, ಹಳೇ ಬಕೆಟ್, ಮುರಿದ ಕುರ್ಚಿ. ಕೊಳ್ಳದ್ದು: ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಥರ್ಮೋಕೋಲ್. ಚಿಪ್ಸ್ ಪ್ಯಾಕೆಟ್ ಯಾಕೆ ಬೇಡ ಅಂದರೆ ಅದು ಒಂದೇ ವಸ್ತು ಅಲ್ಲ. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ, ಮತ್ತೆ ಪ್ಲಾಸ್ಟಿಕ್, ಎಲ್ಲ ಅಂಟಿಸಿದ್ದು. ಬಿಡಿಸಲು ಆಗುವುದಿಲ್ಲ. ಇಂಥದ್ದು ಒಳ್ಳೇ ದಾರಿ ಹಿಡಿದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಉರುವಲಾಗಿ ಹೋಗುತ್ತದೆ. ಅದು ಮರುಬಳಕೆ ಅಲ್ಲ, ಸುಡುವುದೇ. ಆದ್ದರಿಂದ ಇದನ್ನು ಮನೆಗೆ ತರುವುದು ಕಡಿಮೆ ಮಾಡುವುದೊಂದೇ ಉಪಾಯ. ಅಂಗಡಿ ಬಿಲ್ಲಿನ ನುಣುಪು ಕಾಗದವನ್ನೂ ಪೇಪರ್ ಜೊತೆ ಸೇರಿಸಬೇಡಿ. ಅದಕ್ಕೆ ರಾಸಾಯನಿಕ ಲೇಪ ಇರುತ್ತದೆ.

ಇಲ್ಲಿ ನನ್ನದೊಂದು ತಕರಾರು ಇದೆ. ಬೆಲೆ ಬರುವುದನ್ನೆಲ್ಲ ಗುಜರಿಗೆ ಮಾರಿ, ಬರೀ ಚಿಪ್ಸ್ ಪ್ಯಾಕೆಟ್ಟನ್ನು ಒಣ ಕಸದ ಆಟೋಗೆ ಕೊಟ್ಟರೆ ಆ ಕಸ ಹೋಗಿ ಸೇರುವ ಕೇಂದ್ರ ನಡೆಯುವುದು ಹೇಗೆ? ಬೆಂಗಳೂರಿನ ವಾರ್ಡುಗಳಲ್ಲಿರುವ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ನಡೆಸುವವರು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಹಸಿರು ದಳದಂಥ ಸಂಸ್ಥೆ ಅವರ ಜೊತೆ ನಿಂತು ಈ ಕೆಲಸಕ್ಕೆ ಒಂದು ಮರ್ಯಾದೆ ತಂದುಕೊಟ್ಟಿತು. ಅವರ ಸಂಪಾದನೆ ನಾವು ಕೊಡುವ ಬಾಟಲಿ, ರಟ್ಟಿನಲ್ಲಿದೆ. ನಾನು ಪೇಪರ್ ಮಾತ್ರ ಮಾರುತ್ತೇನೆ. ಮಿಕ್ಕಿದ್ದೆಲ್ಲ ಚೀಲದ ಸಮೇತ ಆಟೋಗೆ. ನೀವು ಹಾಗೇ ಮಾಡಬೇಕು ಅಂತೇನಿಲ್ಲ.

ಬೆಂಗಳೂರಿನ ಹೊರಗೂ ಇದು ನಡೆಯುತ್ತಿದೆ. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವುದು ಎಷ್ಟೋ ವರ್ಷಗಳಿಂದ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳೇ ಕಸದ ಗಾಡಿ ಓಡಿಸುತ್ತಾರೆ. ನಿಮ್ಮ ಊರಲ್ಲಿ ಒಣ ಕಸದ ದಿನ ಯಾವುದು ಅಂತ ಒಮ್ಮೆ ಕೇಳಿಕೊಂಡು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ.

ಬಟ್ಟೆಯದ್ದು ಬೇರೆ ಕತೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಈಗ ನಮ್ಮ ಬೀದಿಗೆ ಬರುವುದೇ ಇಲ್ಲ. ಹತ್ತಿ ಸೀರೆ, ಪಂಚೆ ಇದ್ದರೆ ಉತ್ತರ ಕರ್ನಾಟಕದವರನ್ನು ಕೇಳಿ. ಕೌದಿ ಹೊಲಿಯುವುದು ಅಲ್ಲಿ ಮನೆಮನೆಯ ಕೆಲಸ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯಂತೂ ನೋಡಲೇಬೇಕು. ತುಂಡು ತುಂಡು ಹಳೇ ಬಟ್ಟೆ ಸೇರಿ ಅಷ್ಟು ಚಂದದ ಹೊದಿಕೆ ಆಗುತ್ತದೆ. ಹೊಲಿಗೆ ಬಾರದವರು ಬನಿಯನ್ ಕತ್ತರಿಸಿ ಒರೆಸುವ ಬಟ್ಟೆ ಮಾಡಿಕೊಳ್ಳಿ, ಅದೂ ಕೆಲಸಕ್ಕೆ ಬರುತ್ತದೆ.

ಕೆಂಪು ಡಬ್ಬಿ ಮತ್ತು ಗಾಜು

ಪ್ಯಾಡ್, ಡೈಪರ್, ಬ್ಯಾಂಡೇಜ್ ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಒಂದು ದೊಡ್ಡ ಚುಕ್ಕೆ ಇಡಿ. ವಿಂಗಡಿಸುವವರು ಅದನ್ನು ಬಿಚ್ಚಿ ನೋಡುವ ಗೋಜಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಡಗಿಸಿದರೆ ಅವರು ಅದನ್ನು ಬಿಚ್ಚಲೇಬೇಕಾಗುತ್ತದೆ, ಬರಿಗೈಯಲ್ಲಿ.

ಒಂದು ಬೆಳಿಗ್ಗೆ ಅವಸರದಲ್ಲಿ ಕಸದ ಚೀಲ ಕೊಟ್ಟೆ. ಆಟೋ ಹತ್ತಿರ ನಿಂತಿದ್ದ ಪೌರಕಾರ್ಮಿಕ ಮಹಿಳೆ ಅದನ್ನು ಹಿಡಿಯುವ ಮೊದಲು ಕೇಳಿದರು, "ಒಳಗೆ ಗಾಜು ಇದೆಯಾ ಅಕ್ಕ?" ಇಲ್ಲ ಅಂದೆ. ಆದರೂ ಅವರು ಚೀಲದ ಬಾಯಿಯನ್ನು ಎರಡೇ ಬೆರಳಲ್ಲಿ ಹಿಡಿದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಮೊನ್ನೆ ಒಬ್ಬರು ಇಲ್ಲ ಅಂತಲೇ ಕೊಟ್ಟಿದ್ರು" ಅಂದರು. ಅವತ್ತಿನಿಂದ ಒಡೆದ ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಹಳೇ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ "ಗಾಜು" ಅಂತ ಬರೆದು, ಕೈಗೇ ಕೊಟ್ಟು ಹೇಳುತ್ತೇನೆ. ಬ್ಲೇಡು, ಸೂಜಿಗೂ ಇದೇ.

ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಬೇರೆ ಇಡಿ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಯಾವ ಡಬ್ಬಿಗೂ ಹಾಕಬೇಡಿ. ಲಾರಿಯಲ್ಲಿ ಅದುಮಿದಾಗ ಬೆಂಕಿ ಹತ್ತಿಕೊಳ್ಳುತ್ತದೆ. ಹಳೇ ಚಾರ್ಜರ್, ಫೋನ್, ವೈರು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಆರು ತಿಂಗಳಿಗೊಮ್ಮೆ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೇ ಕೊಡಿ. ಬೀದಿ ಬದಿಯಲ್ಲಿ ತಾಮ್ರಕ್ಕಾಗಿ ವೈರು ಸುಡುವ ಕಪ್ಪು ಹೊಗೆ ನೋಡಿದ್ದೀರಲ್ಲ?

ಕಸ ಆಗುವ ಮೊದಲೇ

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್, ತಟ್ಟೆ, ಲೋಟಕ್ಕೆ 2016ರಲ್ಲೇ ನಿಷೇಧ ಬಂತು. ದೇಶಕ್ಕೆಲ್ಲ 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಹಲವು ಪ್ಲಾಸ್ಟಿಕ್ ಸಾಮಾನು ನಿಂತವು, ಕಾಗದದ ಮೇಲೆ. ಸಂಜೆ ದರ್ಶಿನಿಯಲ್ಲಿ ಇಡ್ಲಿ ಪಾರ್ಸೆಲ್ ತಗೊಂಡರೆ ಸಾಂಬಾರಿಗೊಂದು, ಚಟ್ನಿಗೊಂದು ಕವರ್ ಬಂದೇ ಬರುತ್ತದೆ. ನಾನು ನಾಲ್ಕು ಅಂಕಣದ ಟಿಫಿನ್ ಕ್ಯಾರಿಯರ್ ಒಯ್ಯುತ್ತೇನೆ. ಮೊದಲ ದಿನ ಕೌಂಟರಿನವರು ವಿಚಿತ್ರವಾಗಿ ನೋಡಿದರು. ಈಗ ಸಾಂಬಾರ್ ಒಂದು ಸೌಟು ಜಾಸ್ತಿಯೇ ಹಾಕುತ್ತಾರೆ.

ಮನೆಯಲ್ಲಿ ನಾಮಕರಣ, ಸತ್ಯನಾರಾಯಣ ಪೂಜೆ ಇದ್ದರೆ ಬಾಳೆಲೆ ಹಾಕಿ, ಇಲ್ಲಾ ಸ್ಟೀಲ್ ತಟ್ಟೆ ತನ್ನಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನುವ ಸಂಸ್ಥೆಯವರ ತಟ್ಟೆ ಬ್ಯಾಂಕ್ ಇದೆ. ಬೇರೆ ಊರುಗಳಲ್ಲಿ ಶಾಮಿಯಾನದವರ ಹತ್ತಿರವೇ ಬಾಡಿಗೆಗೆ ಸಿಗುತ್ತದೆ. ಲೋಟದ್ದೇ ಮುಖ್ಯ ಲೆಕ್ಕ, ಒಬ್ಬೊಬ್ಬರು ಮೂರು ಸಲ ನೀರು ಕುಡಿಯುತ್ತಾರೆ.

ಆಯುಧ ಪೂಜೆ ಮಾರನೇ ದಿನ ಬೆಂಗಳೂರಿನ ರಸ್ತೆ ನೋಡಿ. ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪಿನ ರಾಶಿ. ಇಷ್ಟು ಒಳ್ಳೇ ಗೊಬ್ಬರದ ಸಾಮಾನು ಒಂದೇ ದಿನ ಬೀದಿಗೆ ಬಂದು ಬೀಳುವುದು ವರ್ಷದಲ್ಲಿ ಇನ್ನೊಮ್ಮೆ ಇಲ್ಲ. ಒಡೆಯುವುದು ಬೇಡ ಅಂತ ನಾನು ಹೇಳುವುದಿಲ್ಲ. ಒಡೆದ ಮೇಲೆ ಒಳಗಿನ ನಾಣ್ಯ ಹೆಕ್ಕಿ, ಕುಂಬಳವನ್ನು ರಸ್ತೆಯಿಂದ ಎತ್ತಿಡಿ. ಬೈಕಿನವರು ಜಾರಿ ಬೀಳುವುದೂ ತಪ್ಪುತ್ತದೆ. ಬಾಳೆಕಂದನ್ನು ಸಣ್ಣಗೆ ಹೆಚ್ಚಿ ಬಕೆಟ್ಟಿಗೆ ಹಾಕಿ, ತುಂಬಾ ನೀರು ಬಿಡುತ್ತದೆ, ಒಣ ಎಲೆ ಎರಡರಷ್ಟು ಬೇಕು.

ನೀರಿನದ್ದೂ ಒಂದು ಮಾತು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿ ಕಡೆಯಿಂದ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಆ ನೀರನ್ನು ಶುದ್ಧ ಮಾಡುವ ಆರ್‌ಒ ಯಂತ್ರಕ್ಕೆ ಹಾಕಿದರೆ ಕುಡಿಯಲು ಸಿಗುವುದಕ್ಕಿಂತ ಜಾಸ್ತಿ ನೀರು ಪೈಪಿನಿಂದ ಹೊರಗೆ ಹೋಗುವುದು ಮಾಮೂಲು. ಪೈಪಿನ ತುದಿಗೆ ಬಕೆಟ್ ಇಡಿ. ಆ ನೀರು ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಚೆನ್ನಾಗಿದೆ. ಗಿಡಕ್ಕೆ ದಿನಾ ಹಾಕಬೇಡಿ, ಉಪ್ಪಿನಂಶ ಕೂಡಿಕೊಳ್ಳುತ್ತದೆ. ಗಿಡಕ್ಕೆ ಅಕ್ಕಿ ತೊಳೆದ ನೀರು ಕೊಡಿ.

ಮನೆಯವರನ್ನು ಒಪ್ಪಿಸುವುದು

ಇದೇ ಎಲ್ಲಕ್ಕಿಂತ ಕಷ್ಟದ್ದು. ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಮನೆಗೆಲಸಕ್ಕೆ ಬರುವವರಿಗೆ ಒಂದು ಸಲ ಕೈಯಲ್ಲಿ ಹಿಡಿದು ತೋರಿಸಿ ಕೊಡಿ, "ಹೇಳಿದ್ದೀನಲ್ಲ" ಅಂತ ಸಿಡುಕಬೇಡಿ. ಮಕ್ಕಳಿಗೆ ಗುಜರಿ ದುಡ್ಡು ಕೊಟ್ಟುಬಿಡಿ, ಆಮೇಲೆ ಅವರೇ ನಿಮ್ಮನ್ನು ಹಿಡಿಯುತ್ತಾರೆ. ಅತ್ತೆ ಮಾವ ಹಳ್ಳಿಯಿಂದ ಬಂದವರಾದರೆ ಬಕೆಟ್ ಅವರಿಗೇ ಒಪ್ಪಿಸಿ. ತಪ್ಪಿ ಯಾರಾದರೂ ಬಿಸ್ಕತ್ ಕವರನ್ನು ಹಸಿ ಡಬ್ಬಿಗೆ ಹಾಕಿದರೆ ಸುಮ್ನೆ ತೆಗೆದು ಒಣ ಚೀಲಕ್ಕೆ ಹಾಕಿ, ಮುಗೀತು. ನಮ್ಮ ಮನೆಯಲ್ಲಿ ಹೊಂದಿಕೊಳ್ಳಲು ಎರಡು ತಿಂಗಳು ಹಿಡಿಯಿತು. ನಾನೇ ಎಷ್ಟೋ ಸಲ ತಪ್ಪು ಹಾಕಿದ್ದೆ.

ಜರಡಿ ಹಿಡಿಯುವ ದಿನ

ಅಷ್ಟರಲ್ಲಿ ಮೊದಲ ಬಕೆಟ್ ಮಾಗಿರುತ್ತದೆ. ಕಪ್ಪಗೆ, ಪುಡಿಪುಡಿಯಾಗಿ, ಮುಟ್ಟಿದರೆ ತಣ್ಣಗಿರಬೇಕು. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಅನುಮಾನ ಇದ್ದರೆ ಒಂದು ಬಟ್ಟಲಿನಲ್ಲಿ ಸ್ವಲ್ಪ ಹಾಕಿ ಮೆಂತ್ಯ ಕಾಳು ಬಿತ್ತಿ. ನಾಲ್ಕೈದು ದಿನದಲ್ಲಿ ಚೆನ್ನಾಗಿ ಮೊಳಕೆ ಬಂದರೆ ಸರಿ. ಬಾರದಿದ್ದರೆ ಇನ್ನೂ ಎರಡು ವಾರ ಬಿಡಿ. ಪೂರ್ತಿ ಮಾಗದ್ದನ್ನು ಗಿಡಕ್ಕೆ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ ಸಾಕು.

ನಾನು ಮೊದಲ ಸಲ ಜರಡಿ ಹಿಡಿದಾಗ ಅಜ್ಜಿಯನ್ನು ಕರೆದೆ. ಅವರು ಒಂದು ಚಿಟಿಕೆ ತೆಗೆದು ಮೂಸಿ, ಏನೂ ಹೇಳದೆ ಸೆರಗಿನಲ್ಲಿ ಎರಡು ಹಿಡಿ ಕಟ್ಟಿಕೊಂಡು ತುಳಸಿ ಕುಂಡಕ್ಕೆ ಅಂತ ಕೆಳಗೆ ಹೋದರು. ಜರಡಿಯ ಮೇಲೆ ಉಳಿದದ್ದು ಇಷ್ಟು: ಮಾವಿನ ಓಟೆ ಎರಡು, ಸೇಬಿನ ಮೇಲಿನ ಸ್ಟಿಕ್ಕರ್ ಏಳು, ಮತ್ತು ಎರಡು ತಿಂಗಳಿಂದ ಮನೆಯೆಲ್ಲ ಹುಡುಕುತ್ತಿದ್ದ ಒಂದು ಸ್ಟೀಲ್ ಚಮಚ. ಸ್ಟಿಕ್ಕರನ್ನು ಹಣ್ಣು ತೊಳೆಯುವಾಗಲೇ ಕಿತ್ತುಬಿಡಿ. ಚಮಚ ತೊಳೆದು ಒಳಗಿಟ್ಟೆ. ಓಟೆಗಳು ಎರಡನೇ ಬಕೆಟ್ಟಿಗೆ ಹೋದವು.